ನೋವಾಗುತ್ತದೆ ಎಂದೇ ಹೇಳುತ್ತಿದ್ದ ದೊಡ್ಡ ಸಿಸ್ಟರ್

ದೊಡ್ಡ ಸಿಸ್ಟರ್ ತೀರಿಕೊಂಡ ಮೇಲೆ ನರಸಿಂಹರಾಜಪುರದಲ್ಲಿ ಒಂದು ಸಂತಾಪ ಸಭೆ ನಡೆಯಿತು. ನಾನು ಶೃಂಗೇರಿಯಿಂದ ರಜೆ ಹಾಕಿ ಹೋಗಿದ್ದೆ. ಮಾತಾಡಿದವರೆಲ್ಲ ಒಳ್ಳೆಯ ಮಾತನ್ನೇ ಆಡಿದರು. ಕೊನೆಯಲ್ಲಿ ಎದ್ದ ಒಬ್ಬರು, "ಮೂವತ್ತು ವರ್ಷದ ಸೇವೆಯಲ್ಲಿ ಒಂದೇ ಒಂದು ತಪ್ಪು ಮಾಡದ ಮಹಾತಾಯಿ" ಎಂದರು. ಜನ ತಲೆಯಾಡಿಸಿದರು. ನನ್ನ ಪಕ್ಕದ ಕುರ್ಚಿಯಲ್ಲಿ ಅವರ ಯಜಮಾನರು ಕೂತಿದ್ದರು. ಅವರು ನನ್ನ ಕಡೆ ಬಾಗಿ, "ಇದನ್ನ ಅವಳು ಕೇಳಿದ್ರೆ ಎದ್ದು ನಿಂತು ತಿದ್ತಿದ್ಲು" ಎಂದರು. ಅಂಥ ಸಭೆಯಲ್ಲಿ ನಗಬಾರದು. ಇಬ್ಬರಿಗೂ ನಗು ಬಂತು.

ತಿದ್ದಲು ಅವರು ಇಲ್ಲ. ಅದಕ್ಕಾಗಿ ನಾನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ, ಬದುಕಿದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಕೊಪ್ಪ ಪೇಟೆ ದಾಟಿದ ಮೇಲೆ ಆಗ ಇಪ್ಪತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆ ಇತ್ತು. ಒಬ್ಬರೇ ಡಾಕ್ಟರು ನಡೆಸುತ್ತಿದ್ದದ್ದು. ಈಗ ಅದು ಮುಚ್ಚಿಹೋಗಿ ಕಟ್ಟಡದಲ್ಲಿ ಸೋಫಾ, ಮಂಚ ಮಾರುತ್ತಾರೆ. ಅಲ್ಲಿ ನಾವು ಆರು ಜನ ನರ್ಸ್‌ಗಳಿದ್ದೆವು. ಐವರು ಬರೀ ಸಿಸ್ಟರ್, ಅವರೊಬ್ಬರು ದೊಡ್ಡ ಸಿಸ್ಟರ್. ಎತ್ತರದಲ್ಲಿ ಎಲ್ಲರಿಗಿಂತ ಚಿಕ್ಕವರು ಅವರೇ. ಡ್ರಿಪ್ ಬಾಟಲಿ ನೇತುಹಾಕಬೇಕಾದರೆ ತುದಿಗಾಲಲ್ಲಿ ನಿಲ್ಲುತ್ತಿದ್ದರು, ಆದರೆ ಯಾರಾದರೂ ಸಹಾಯಕ್ಕೆ ಕೈ ಚಾಚಿದರೆ ಸಿಟ್ಟು ಬರುತ್ತಿತ್ತು.

ಬಾಳೆಹೊನ್ನೂರಿನ ಹತ್ತಿರದ ರೈತರ ಮನೆಯ ಮಗಳು. ಯಜಮಾನರಿಗೆ ನರಸಿಂಹರಾಜಪುರದಲ್ಲಿ ಹಿಟ್ಟಿನ ಗಿರಣಿ. ಅವರು ಯಾವಾಗ ನೋಡಿದರೂ ಹುಬ್ಬಿನವರೆಗೆ ಹಿಟ್ಟಿನ ಧೂಳು ಹೊತ್ತಿರುತ್ತಿದ್ದರು. "ನಮ್ಮಿಬ್ಬರದ್ದೂ ಬಿಳಿ ಬಟ್ಟೆ ಕೆಲಸ" ಎಂದು ಅವರು ಹೇಳಿದರೆ, ಸಿಸ್ಟರ್, "ನಂದು ಒಗೆದದ್ದು" ಎನ್ನುತ್ತಿದ್ದರು.

ಮಕ್ಕಳಿಗೆ ಸೂಜಿ ಚುಚ್ಚುವಾಗ ನಾವೆಲ್ಲ ಒಂದೇ ಸುಳ್ಳು ಹೇಳುತ್ತೇವೆ: ಇರುವೆ ಕಚ್ಚಿದ ಹಾಗೆ, ಗೊತ್ತೇ ಆಗಲ್ಲ. ಮಗು ನಂಬುತ್ತದೆ, ಸೂಜಿ ಇಳಿಯುತ್ತದೆ, ಮುಂದಿನ ಸಲ ಆ ಮಗು ಬಿಳಿ ಬಟ್ಟೆ ಕಂಡರೆ ಬಾಗಿಲು ಹಿಡಿದುಕೊಳ್ಳುತ್ತದೆ. ದೊಡ್ಡ ಸಿಸ್ಟರ್ ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು, "ನೋವಾಗ್ತದೆ. ಐದು ಎಣಿಸೋವಷ್ಟು ಹೊತ್ತು. ಅಳಬೇಕು ಅನಿಸಿದ್ರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ" ಎನ್ನುತ್ತಿದ್ದರು. ಮಕ್ಕಳು ಅವರ ಮುಖವನ್ನೇ ದಿಟ್ಟಿಸುತ್ತ ಒಂದು, ಎರಡು ಎಂದು ಎಣಿಸುತ್ತಿದ್ದವು. ಕೆಲವು ಅಳುತ್ತಿದ್ದವು. ಆದರೆ ಮತ್ತೆ ಬಂದಾಗ, "ಐದು ಎಣಿಸೋ ಸಿಸ್ಟರ್ ಬೇಕು" ಎಂದು ಅವರನ್ನೇ ಹುಡುಕುತ್ತಿದ್ದವು.

ಹೊರಗಿನಿಂದ ವಾರಕ್ಕೊಮ್ಮೆ ಒಬ್ಬ ಸರ್ಜನ್ ಬರುತ್ತಿದ್ದರು. ಒಳ್ಳೆಯ ಹೆಸರಿದ್ದವರು, ಬಾಯಿ ಜೋರು. ಒಮ್ಮೆ ಒಬ್ಬರ ಗಾಯ ತೊಳೆದವರು ಅದೇ ಗ್ಲೌಸ್‌ನಲ್ಲಿ ಪಕ್ಕದ ಹಾಸಿಗೆಯವರ ಹೊಲಿಗೆ ಮುಟ್ಟಲು ಹೊರಟರು. ದೊಡ್ಡ ಸಿಸ್ಟರ್ ಟ್ರೇ ಹಿಂದಕ್ಕೆ ಎಳೆದುಕೊಂಡು, "ಗ್ಲೌಸ್ ಬದಲಾಯಿಸಿ ಸರ್" ಎಂದರು. ಸರ್ಜನ್ ಕೇಳಿಸದವರ ಹಾಗೆ ಕೈ ಚಾಚಿದರು. ಟ್ರೇ ಇನ್ನೂ ಒಂದು ಗೇಣು ಹಿಂದೆ ಹೋಯಿತು. ವಾರ್ಡಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಕೊನೆಗೆ ಅವರು ಗ್ಲೌಸ್ ಬದಲಾಯಿಸಿದರು. ಆ ಮೇಲೆ ಬಂದಾಗೆಲ್ಲ ಬಾಗಿಲಲ್ಲೇ ಎರಡೂ ಕೈ ಎತ್ತಿ ತೋರಿಸಿ ಒಳಗೆ ಬರುತ್ತಿದ್ದರು. ತಮಾಷೆಗೆ ಶುರುವಾದದ್ದು ಅಭ್ಯಾಸವಾಯಿತು.

ಇಷ್ಟು ಹೇಳಿದರೆ ಅವರು ಸಿಹಿಯಾದ ಹೆಂಗಸು ಎಂದು ಯಾರಾದರೂ ತಿಳಿದಾರು. ಹಾಗೇನೂ ಇರಲಿಲ್ಲ. ಹೊಗಳುವುದರಲ್ಲಿ ಬಹಳ ಜಿಪುಣತನ. ಹತ್ತು ನಿಮಿಷ ತಡವಾಗಿ ಬಂದರೆ ಅರ್ಧ ದಿನ ಮಾತಿಲ್ಲ. ರೋಗಿಯನ್ನು ನೋಡಲು ಬಂದ ನೆಂಟರು ಚಪ್ಪಲಿ ಹಾಕಿಕೊಂಡು ವಾರ್ಡಿಗೆ ನುಗ್ಗಿದರೆ, ಅವರು ಎಷ್ಟು ದೊಡ್ಡ ಮನೆಯವರಾದರೂ ಸರಿ, ಹೊರಗೆ ಹೋಗಿ ಬಿಟ್ಟು ಬರುವ ತನಕ ದಾರಿ ಬಿಡುತ್ತಿರಲಿಲ್ಲ. ನಾನು ನರ್ಸಿಂಗ್ ಮುಗಿಸಿ ಅಡ್ಡಗದ್ದೆಯಿಂದ ಅಲ್ಲಿಗೆ ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಅವರ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದದ್ದು ಜಾರುತ್ತಿತ್ತು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ನಾನು ಸೇರಿ ಆರು ತಿಂಗಳಾಗಿತ್ತು. ಹೆಂಗಸರ ವಾರ್ಡಿನಲ್ಲಿ ಆಗ ಇಬ್ಬರು ಗಿರಿಜಮ್ಮಂದಿರು ಇದ್ದರು. ಒಬ್ಬರು ಭಂಡಿಗಡಿಯವರು, ಸಕ್ಕರೆ ಕಾಯಿಲೆ ಹಳೆಯದು, ಕಾಲಿನ ಹುಣ್ಣಿಗೆ ಸೇರಿದ್ದರು. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಅವರಿಗೆ ಇನ್ಸುಲಿನ್ ಕೊಡಬೇಕಿತ್ತು. ಇನ್ನೊಬ್ಬರು ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನವರು, ಬಡಕಲು ಜೀವ, ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಜ್ವರ ಇಳಿದು, ಮರುದಿನ ಹತ್ತು ಗಂಟೆಗೆ ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು.

ಮನೆಗೆ ಹೋಗಬೇಕಾದ ಹಿಂದಿನ ಸಂಜೆ ನಾರ್ವೆ ಗಿರಿಜಮ್ಮ, "ಕಿಟಕಿ ಪಕ್ಕ ಥಂಡಿ ಆಗ್ತದೆ ಸಿಸ್ಟರ್" ಎಂದರು. ಭಂಡಿಗಡಿ ಗಿರಿಜಮ್ಮನಿಗೆ ಸೆಕೆ, ಅವರಿಗೆ ಗಾಳಿ ಬೇಕು. ದೊಡ್ಡ ಸಿಸ್ಟರ್ ಇಬ್ಬರನ್ನೂ ಎಬ್ಬಿಸಿ ಹಾಸಿಗೆ ಅದಲು ಬದಲು ಮಾಡಿದರು. ಕಿಟಕಿ ಪಕ್ಕದ ಮೂರನೆಯ ಹಾಸಿಗೆಯವರು ಐದಕ್ಕೆ, ಐದರವರು ಮೂರಕ್ಕೆ. ಅಷ್ಟರಲ್ಲಿ ಹೆರಿಗೆ ಕೇಸೊಂದು ಬಂತು. ಅವರು ಆ ಕಡೆ ಓಡಿದರು. ಹಾಸಿಗೆ ಬದಲಾದದ್ದನ್ನು ಪುಸ್ತಕದಲ್ಲಿ ಬರೆಯಲಿಲ್ಲ.

ಬೆಳಿಗ್ಗೆ ನಾನು ಪುಸ್ತಕ ನೋಡಿದೆ. ಐದನೆಯ ಹಾಸಿಗೆ, ಗಿರಿಜಮ್ಮ, ಇನ್ಸುಲಿನ್. ಸಿರಿಂಜ್ ತುಂಬಿಕೊಂಡು ಐದನೆಯ ಹಾಸಿಗೆಗೆ ಹೋಗಿ, "ಗಿರಿಜಮ್ಮ ಅಲ್ವಾ?" ಎಂದೆ. "ಹೌದು ಮಗಾ" ಎಂದರು. ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು. ಆರು ತಿಂಗಳ ನರ್ಸ್ ಮುಖ ನೋಡುವುದಿಲ್ಲ, ಸೂಜಿ ನೋಡುತ್ತಾಳೆ. ಹಾಕಿಬಿಟ್ಟೆ.

ಅರ್ಧ ಗಂಟೆಯ ಮೇಲೆ ತಿಂಡಿ ಬಂತು. ಕಿಟಕಿ ಪಕ್ಕದಿಂದ ಭಂಡಿಗಡಿ ಗಿರಿಜಮ್ಮ ಕರೆದರು. "ಏ ಕೂಸೇ, ನಂಗೆ ಇವತ್ತು ಇಂಜೆಕ್ಷನ್ ಇಲ್ಲನ? ಇಡ್ಲಿ ಬಂದಾಯ್ತು."

ಆ ಒಂದೆರಡು ನಿಮಿಷದಲ್ಲಿ ನನ್ನ ತಲೆಯಲ್ಲಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಇವರಿಗೆ ಈಗ ಕೊಟ್ಟುಬಿಡೋಣ, ಅವರಿಗೆ ಸಕ್ಕರೆ ಹಾಕಿದ ಹಾಲು ಕುಡಿಸೋಣ, ಯಾರಿಗೆ ಗೊತ್ತಾಗುತ್ತದೆ ಎಂದು ಯೋಚಿಸಿದೆ. ಹಾಲಿನ ಲೋಟ ಕೈಗೂ ತೆಗೆದುಕೊಂಡೆ. ಐದನೆಯ ಹಾಸಿಗೆಯ ಹತ್ತಿರ ಹೋದರೆ ಗಿರಿಜಮ್ಮನ ಹಣೆಯಲ್ಲಿ ಬೆವರಿತ್ತು. "ಕೈ ನಡುಗ್ತದೆ ಮಗಾ" ಎಂದರು. ಲೋಟ ಅಲ್ಲೇ ಇಟ್ಟು ದೊಡ್ಡ ಸಿಸ್ಟರ್ ಹತ್ತಿರ ಓಡಿದೆ.

ಅವರು ಬೈಯಲಿಲ್ಲ. ಎಷ್ಟು ಯೂನಿಟ್, ಎಷ್ಟು ಹೊತ್ತಾಯಿತು ಎಂದು ಎರಡೇ ಪ್ರಶ್ನೆ ಕೇಳಿದರು. ಕೇಳುತ್ತಲೇ ನಡೆಯುತ್ತಿದ್ದರು. ಬೆರಳು ಚುಚ್ಚಿ ಸಕ್ಕರೆ ನೋಡಿದರು, ಇಳಿಯುತ್ತಿತ್ತು. ನನ್ನ ಕೈಯಲ್ಲೇ ಸಕ್ಕರೆ ನೀರು ಕುಡಿಸಿದರು, ತಾವು ಗ್ಲುಕೋಸ್ ಡ್ರಿಪ್ ಹಚ್ಚಿದರು, ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಹಿಂದಿನ ಮನೆಯಿಂದ ಬರುವಷ್ಟರಲ್ಲಿ ಗಿರಿಜಮ್ಮನ ನಡುಕ ನಿಂತಿತ್ತು. ಭಂಡಿಗಡಿ ಗಿರಿಜಮ್ಮನಿಗೂ ಅವರೇ ಇನ್ಸುಲಿನ್ ಕೊಟ್ಟು, "ಈಗ ಇಡ್ಲಿ ತಿನ್ನಿ" ಎಂದರು.

ನಮ್ಮ ಡಾಕ್ಟರು ಕೆಟ್ಟವರಲ್ಲ. ಸುತ್ತಲಿನ ಹಳ್ಳಿಗಳಿಗೆ ಎಷ್ಟೋ ವರ್ಷ ಅವರೇ ಆಸರೆ. ಆದರೆ ಆ ಆಸ್ಪತ್ರೆ ಅವರು ಒಬ್ಬರೇ ಕಟ್ಟಿದ್ದು, ಅದರ ಹೆಸರಿಗೆ ಹೆದರುತ್ತಿದ್ದರು. ರೋಗಿಯನ್ನು ಪರೀಕ್ಷಿಸಿ, ಗ್ಲುಕೋಸ್ ಎಷ್ಟು ಹೋಗಬೇಕು, ಗಂಟೆಗೊಮ್ಮೆ ಏನು ನೋಡಬೇಕು ಎಂದು ಸರಿಯಾಗಿ ಬರೆದರು. ಆಮೇಲೆ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು, "ಮನೆಯವರ ಹತ್ರ, ಅವರಿಗೆ ಸುಸ್ತಿದೆ, ನಾಳೆ ಕಳಿಸ್ತೀವಿ ಅಂತ ಹೇಳಿ. ಬೇರೆ ಎಂತದೂ ಹೇಳೋದು ಬೇಡ" ಎಂದು ಹೊರರೋಗಿಗಳನ್ನು ನೋಡಲು ಹೋದರು.

ಹತ್ತು ಗಂಟೆಗೆ ಗಿರಿಜಮ್ಮನ ಮಗ ನಾಗೇಶ ಬಂದ. ಸ್ವಂತ ಪಿಕಪ್ ಓಡಿಸುವವನು. ಗಾಡಿ ಗೇಟಿನಲ್ಲೇ ನಿಲ್ಲಿಸಿದ್ದ, ಮಧ್ಯಾಹ್ನಕ್ಕೆ ಅವನಿಗೆ ಬೇರೆ ಕಡೆ ಲೋಡ್ ಇತ್ತು. ತಾಯಿ ದಿಂಬಿಗೆ ಒರಗಿ ಕೂತಿದ್ದರು, ಮಾತಾಡುತ್ತಿದ್ದರು. ನಾನು, "ಸುಸ್ತಿದೆ, ಇನ್ನೊಂದು ದಿನ ಇರಲಿ" ಎಂದೆ.

"ಎಂತ ಸುಸ್ತು? ಚೆನ್ನಾಗೇ ಇದಾರಲ್ಲ" ಎಂದ. "ನಿನ್ನೆ ನೀವೇ ಕರ್ಕೊಂಡು ಹೋಗಿ ಅಂದ್ರಿ. ನಂಗೆ ನಾಳೆ ಗಾಡಿ ಬಿಡುವಿಲ್ಲ. ಸುಸ್ತಿದ್ರೆ ಮನೇಲಿ ಮಲಗಿರ್ತಾರೆ, ಮನೇಲೇನು ಮಂಚ ಇಲ್ವಾ?" ಫ್ಲಾಸ್ಕ್, ಲೋಟ, ಸೀರೆ ಎಲ್ಲ ಬುಟ್ಟಿಗೆ ತುಂಬತೊಡಗಿದ. ತಾಯಿಯೂ ಕಾಲು ಕೆಳಗಿಟ್ಟರು. ಅವರಿಗೂ ಮನೆಗೆ ಹೋಗುವ ಆಸೆ.

ಕೊಟ್ಟದ್ದು ಇಡೀ ದಿನ ಮೈಯಲ್ಲಿ ಕೆಲಸ ಮಾಡುವ ಇನ್ಸುಲಿನ್. ಮನೆಗೆ ಹೋಗಿ ಮಲಗಿದರೆ ನಿದ್ದೆ ಎಂದೇ ಎಲ್ಲರೂ ತಿಳಿಯುತ್ತಿದ್ದರು. ಎಬ್ಬಿಸುವ ಹೊತ್ತಿಗೆ ಏಳದೆಯೂ ಇರಬಹುದಿತ್ತು.

ದೊಡ್ಡ ಸಿಸ್ಟರ್ ಬಂದು ಮಂಚದ ಪಕ್ಕದ ಸ್ಟೂಲ್ ಎಳೆದರು. "ನಾಗೇಶ, ಒಂದು ನಿಮಿಷ ಕೂತ್ಕೊಳ್ಳಿ."

"ಗಾಡಿ ಗೇಟಲ್ಲಿದೆ ಸಿಸ್ಟರ್."

"ಇರಲಿ. ಕೂತ್ಕೊಂಡು ಕೇಳಬೇಕಾದ್ದು." ಅವನು ಕೂತ. ಅವರು ನಿಂತೇ ಇದ್ದರು. "ಬೆಳಿಗ್ಗೆ ನಮ್ಮಿಂದ ಒಂದು ತಪ್ಪಾಗಿದೆ. ಬೇರೆಯವರಿಗೆ ಕೊಡಬೇಕಾಗಿದ್ದ ಸಕ್ಕರೆ ಕಾಯಿಲೆ ಇಂಜೆಕ್ಷನ್ ನಿಮ್ಮ ಅಮ್ಮನಿಗೆ ಕೊಟ್ಟಿದೀವಿ. ಅದರಿಂದ ಮೈಯಲ್ಲಿ ಸಕ್ಕರೆ ಇಳೀತದೆ. ಈಗ ಗ್ಲುಕೋಸ್ ಕೊಟ್ಟು ಸರಿ ಮಾಡಿದೀವಿ, ಆದ್ರೆ ಆ ಔಷಧಿ ಕೆಲಸ ಇನ್ನೂ ಮುಗಿದಿಲ್ಲ. ನೀವು ಕರ್ಕೊಂಡು ಹೋದ್ರೆ ಮಲಗಿದಲ್ಲೇ ಎಚ್ಚರ ತಪ್ಪಬಹುದು. ಜೀವಕ್ಕೇ ಅಪಾಯ. ನಾಳೆ ಬೆಳಿಗ್ಗೆವರೆಗೆ ಇವರು ನಮ್ಮ ಕಣ್ಣೆದುರು ಇರಬೇಕು. ನಾನು ಇಲ್ಲಿನ ಇನ್‌ಚಾರ್ಜ್. ಕೇಳೋದಿದ್ರೆ ನನ್ನನ್ನ ಕೇಳಿ."

ನಾಗೇಶ ಎದ್ದು ನಿಂತು ಕೂಗಾಡಿದ. ನಿಮ್ಮನ್ನ ನಂಬಿ ತಂದು ಹಾಕಿದ್ದಕ್ಕೆ ಹೀಗಾ ಎಂದ, ಪೊಲೀಸರಿಗೆ ಹೇಳುತ್ತೇನೆ ಎಂದ. ಫೋನ್ ತೆಗೆದು ಯಾರು ಯಾರಿಗೋ ಮಾಡಿದ. ಅರ್ಧ ಗಂಟೆಯಲ್ಲಿ ಏಳೆಂಟು ಜನ ಬಂದರು. ಅವರಿಗೂ ದೊಡ್ಡ ಸಿಸ್ಟರ್ ಅದೇ ಮಾತು ಹೇಳಿದರು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಜಗಳಕ್ಕೆ ಬಂದವರಿಗೆ ಎದುರು ಪಕ್ಷವೇ ಸಿಗದ ಹಾಗಾಯಿತು. ಒಬ್ಬರು, "ಒಪ್ಕೊಂಡ ಮೇಲೆ ಇನ್ನೇನು ಕೇಳೋದು ಮಾರಾಯ" ಎಂದು ಗೊಣಗಿದರು.

ಕೊನೆಗೆ ಮಾತಾಡಿದ್ದು ನಾರ್ವೆ ಗಿರಿಜಮ್ಮ. "ನಾಗೇಶ, ಸಾಕು. ಅವರು ಹೇಳಿದ್ದಕ್ಕೆ ನಿಂಗೆ ಗೊತ್ತಾಯ್ತು. ಹೇಳದೇ ಇದ್ದಿದ್ರೆ ನನ್ನನ್ನ ಗಾಡಿಗೆ ಹಾಕ್ಕೊಂಡು ಹೋಗ್ತಿದ್ದೆ. ಬುಟ್ಟಿ ಕೆಳಗಿಡು."

ಡಾಕ್ಟರು ಕರೆದಾಗ ಹೋಗಿಬಂದದ್ದು ಬಿಟ್ಟರೆ ಇಡೀ ದಿನ ದೊಡ್ಡ ಸಿಸ್ಟರ್ ಆ ಮಂಚ ಬಿಟ್ಟು ಕದಲಲಿಲ್ಲ. ಗಂಟೆಗೊಮ್ಮೆ ಬೆರಳು ಚುಚ್ಚಿ, ಮೀಟರನ್ನು ತಾವು ನೋಡುವ ಮೊದಲು ನಾಗೇಶನಿಗೆ ತೋರಿಸುತ್ತಿದ್ದರು. ಮೊದಮೊದಲು ಅವನು ಮುಖ ತಿರುಗಿಸುತ್ತಿದ್ದ. ಸಂಜೆಯ ಹೊತ್ತಿಗೆ ಅವನೇ ಮೀಟರ್ ಕೈಗೆ ತೆಗೆದುಕೊಂಡು ಓದುತ್ತಿದ್ದ.

ಮಧ್ಯಾಹ್ನ ಡಾಕ್ಟರು ನಮ್ಮನ್ನು ತಮ್ಮ ಕೋಣೆಗೆ ಕರೆದರು. ಟೇಬಲ್ ಮೇಲೆ ಒಂದು ಕಾಗದ ಟೈಪ್ ಆಗಿ ಸಿದ್ಧವಾಗಿತ್ತು. ಹೊಸದಾಗಿ ಸೇರಿದ ನರ್ಸ್ ಒಬ್ಬರ ಅಜಾಗರೂಕತೆಯಿಂದ ಹೀಗಾಗಿದೆ, ಅವರನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಅದರಲ್ಲಿತ್ತು. ಮನೆಯವರಿಗೆ ತೋರಿಸಲು. ಕೆಳಗೆ ದೊಡ್ಡ ಸಿಸ್ಟರ್ ಸಹಿ ಹಾಕಬೇಕಿತ್ತು.

ಅವರು ಕನ್ನಡಕ ಏರಿಸಿಕೊಂಡು ನಿಧಾನ ಓದಿದರು. "ಇದರಲ್ಲಿ ಬರೆದದ್ದು ನಿಜ ಸರ್. ಬರೆಯದೇ ಬಿಟ್ಟಿದ್ದೂ ಉಂಟು. ನಿನ್ನೆ ಸಂಜೆ ಹಾಸಿಗೆ ಬದಲಾಯಿಸಿದ್ದು ನಾನು. ಪುಸ್ತಕದಲ್ಲಿ ಬರೆಯದವಳೂ ನಾನೇ."

"ನಿಮ್ಮನ್ನ ಉಳಿಸೋಕೆ ನೋಡ್ತಿದೀನಿ ಸಿಸ್ಟರ್. ಹೇಳಬೇಡಿ ಅಂದದ್ದನ್ನ ಹೇಳಿ ಇಷ್ಟು ಮಾಡಿದೀರಿ."

"ಇವಳನ್ನ ತೆಗೆದ್ರೆ ಇನ್ನೊಬ್ಬಳು ಬರ್ತಾಳೆ. ಅವಳೂ ಪುಸ್ತಕ ನೋಡೇ ಕೊಡ್ತಾಳೆ. ಪುಸ್ತಕ ತಪ್ಪಿದ್ರೆ ಮತ್ತೆ ಹೀಗೇ ಆಗ್ತದೆ. ಆಗ ಯಾರನ್ನ ತೆಗೀತೀರಿ?"

ದೊಡ್ಡ ಸಿಸ್ಟರ್ ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡು, ನಿಂತಲ್ಲೇ ಬಾಗಿ ಐದಾರು ಸಾಲು ಬರೆದರು. ಹಾಸಿಗೆ ಯಾವಾಗ ಬದಲಾಯಿತು, ಯಾರು ಬರೆಯಲಿಲ್ಲ, ಇಂಜೆಕ್ಷನ್ ಎಷ್ಟು ಗಂಟೆಗೆ ಯಾರು ಕೊಟ್ಟರು, ಯಾವಾಗ ಗೊತ್ತಾಯಿತು, ಏನು ಮಾಡಿದೆವು. ನನ್ನ ಹೆಸರೂ ಇತ್ತು, ಅವರ ಹೆಸರೂ ಇತ್ತು. ಸಹಿ ಹಾಕಿ ಟೈಪ್ ಮಾಡಿದ ಕಾಗದದ ಮೇಲೆ ಇಟ್ಟರು. "ಇದನ್ನ ತೋರಿಸಿ ಸರ್. ತೆಗೆಯೋದಾದ್ರೆ ಇಬ್ಬರನ್ನೂ ತೆಗೀರಿ."

ನನಗೆ ಆಗ ಕೃತಜ್ಞತೆ ಬರಲಿಲ್ಲ, ಸಿಟ್ಟು ಬಂತು. ಹೊರಗೆ ಬಂದವಳೇ ಅಳುತ್ತ ಕೇಳಿದೆ: "ನನ್ನ ಹೆಸರು ಯಾಕೆ ಬರೆದ್ರಿ ಸಿಸ್ಟರ್? ನಿಮ್ಮದೊಂದೇ ಬರೆದಿದ್ರೆ ಆಗ್ತಿತ್ತು."

"ಆಗ್ತಿತ್ತು. ಆದ್ರೆ ನೀನು ಏನೂ ಮಾಡಿಲ್ಲ ಅಂತ ಆಗ್ತಿತ್ತು. ನೀನು ಮಾಡಿದೀಯ ಮಾರಾಯ್ತಿ." ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದರು. ಅಷ್ಟು ಮೃದುವಾಗಿ ಅವರು ಯಾರನ್ನೂ ಮುಟ್ಟಿದ್ದು ನಾನು ನೋಡಿರಲಿಲ್ಲ. "ಡಾಕ್ಟ್ರು ಕೇಳಿದ್ರು, ಪೂರ್ತಿ ಬರೆದುಕೊಟ್ಟೆ. ಗಿರಿಜಮ್ಮನ ಹತ್ರ ನಿನ್ನ ಹೆಸರು ಎತ್ತಿಲ್ಲ. ಅಲ್ಲಿ ಹೇಳಬೇಕಾದವಳು ನೀನು. ನಾನು ಹೇಳಿದ್ರೆ ಅದು ಚಾಡಿ."

ಆ ದಿನ ನಾನು ಥರ್ಮಾಮೀಟರ್ ಹಿಡಿದುಕೊಂಡು ಮೂರು ಸಲ ಗಿರಿಜಮ್ಮನ ಮಂಚದವರೆಗೆ ಹೋದೆ. ಮೂರು ಸಲವೂ ಜ್ವರ ನೋಡಿ ವಾಪಸು ಬಂದೆ. ಮರುದಿನ ಬೆಳಿಗ್ಗೆ ಅವರು ಸರಿಯಾಗಿ ಎದ್ದು, ಎರಡು ದೋಸೆ ತಿಂದು ಮಗನ ಗಾಡಿ ಹತ್ತಿ ಹೋದರು. ಹೋಗುವಾಗ ನನ್ನ ಗಲ್ಲ ಸವರಿ, "ಒಳ್ಳೇ ಕೂಸು" ಎಂದರು. ಆ ಮಾತು ಎಷ್ಟು ವರ್ಷ ನನ್ನನ್ನು ಚುಚ್ಚಿತು ಎಂದು ಹೇಳಲಾರೆ.

ನಾಗೇಶ ಪೊಲೀಸರ ಹತ್ತಿರ ಹೋಗಲಿಲ್ಲ. ಡಾಕ್ಟರು ಆ ಎರಡು ಕಾಗದಗಳನ್ನೂ ಮನೆಯವರಿಗೆ ತೋರಿಸಲಿಲ್ಲ, ನಮ್ಮನ್ನು ತೆಗೆಯಲೂ ಇಲ್ಲ. ಆದರೆ ದೊಡ್ಡ ಸಿಸ್ಟರ್ ಅವರ ಇನ್‌ಚಾರ್ಜ್ ಹುದ್ದೆ ಹೋಯಿತು. ಅವರ ಕೈಕೆಳಗೇ ಕೆಲಸ ಕಲಿತಿದ್ದ ಒಬ್ಬರನ್ನು ಆ ಜಾಗಕ್ಕೆ ಕೂರಿಸಿದರು. ಮೊದಲ ದಿನ ನಮಗೆಲ್ಲ ಮುಖ ಎತ್ತಲು ಆಗಲಿಲ್ಲ. ದೊಡ್ಡ ಸಿಸ್ಟರ್ ಎಂದಿನಂತೆ ಐದು ನಿಮಿಷ ಮುಂಚೆ ಬಂದು, ಆ ಚಿಕ್ಕವರ ಎದುರು ನಿಂತು, "ಇವತ್ತು ನಂಗೆ ಯಾವ ವಾರ್ಡ್ ಸಿಸ್ಟರ್?" ಎಂದು ಕೇಳಿದರು. ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಕುರ್ಚಿ ಇಲ್ಲದೆಯೂ ಅವರು ದೊಡ್ಡ ಸಿಸ್ಟರೇ ಆಗಿ ಉಳಿದರು, ಆಸ್ಪತ್ರೆ ಮುಚ್ಚುವ ತನಕ.

ಆ ಹೊಸ ಇನ್‌ಚಾರ್ಜ್‌ಗೆ ಅವರು ಕೊಟ್ಟ ಸಲಹೆ ಒಂದೇ. ಸೂಜಿ ಚುಚ್ಚುವ ಮೊದಲು "ಗಿರಿಜಮ್ಮ ಅಲ್ವಾ?" ಎಂದು ಕೇಳಬಾರದು. "ನಿಮ್ಮ ಹೆಸರೇನು, ಯಾವೂರು?" ಎಂದು ಕೇಳಬೇಕು. ಹೆಸರು ಅವರ ಬಾಯಿಂದ ಬರಬೇಕು. ಈಗ ಶೃಂಗೇರಿಯಲ್ಲಿ ನನ್ನ ಕೈಕೆಳಗಿನ ಹುಡುಗಿಯರು ದಿನಾ ನೋಡುವ ರೋಗಿಗೂ ಹೆಸರು, ಊರು ಕೇಳುತ್ತಾರೆ. "ನಿನ್ನೆ ಹೇಳಿದ್ನಲ್ಲೇ" ಎಂದು ರೋಗಿಗಳು ಬೈಯುತ್ತಾರೆ. ಬೈಸಿಕೊಳ್ಳಿ ಎನ್ನುತ್ತೇನೆ.

ಕೊರೊನಾ ಬಂದಾಗ ಅವರು ನರಸಿಂಹರಾಜಪುರದ ಮನೆಯಲ್ಲಿದ್ದರು. ಬೀದಿಯಲ್ಲಿ ಯಾರಿಗಾದರೂ ಡ್ರೆಸ್ಸಿಂಗ್, ಇಂಜೆಕ್ಷನ್ ಬೇಕಾದರೆ ಹೋಗಿ ಮಾಡುತ್ತಿದ್ದರು. ಒಂದು ದಿನ ಅವರಿಗೇ ಪಾಸಿಟಿವ್ ಬಂತು. ಆಗ ಜನ ಕಾಯಿಲೆಯನ್ನು ಕಳ್ಳಮಾಲಿನ ಹಾಗೆ ಬಚ್ಚಿಡುತ್ತಿದ್ದರು. ಅವರು ಬೀದಿಯ ವಾಟ್ಸಾಪ್ ಗುಂಪಿನಲ್ಲಿ ತಾವೇ ಹಾಕಿದರು: "ನನಗೆ ಬಂದಿದೆ. ಈ ವಾರ ನಮ್ಮ ಗಿರಣಿಗೆ ಬಂದವರು ಪರೀಕ್ಷೆ ಮಾಡಿಸಿಕೊಳ್ಳಿ." ಗಿರಣಿಗೆ ಎಷ್ಟೋ ದಿನ ಒಂದು ನರಪಿಳ್ಳೆಯೂ ಬರಲಿಲ್ಲ. "ಹಿಟ್ಟು ಇಳಿದ ಮೇಲೆ ನಾನು ಇಷ್ಟು ಕಪ್ಪು ಅಂತ ಆವಾಗ್ಲೇ ಗೊತ್ತಾಗಿದ್ದು" ಎಂದು ಯಜಮಾನರು ಈಗಲೂ ಹೇಳುತ್ತಾರೆ. ಆದರೆ ಆ ಬೀದಿಯಲ್ಲಿ ಅದಾದ ಮೇಲೆ ಯಾರೂ ಬಚ್ಚಿಡಲಿಲ್ಲವಂತೆ.

ಕೊರೊನಾ ಮುಗಿದ ಮರುವರ್ಷ ಒಂದು ಬೆಳಿಗ್ಗೆ ಅವರ ಫೋನ್ ಬಂತು. "ನಾರ್ವೆಗೆ ಹೋಗಬೇಕು, ನೀನೂ ಬಾ. ಗಿರಿಜಮ್ಮನಿಗೆ ಜೋರಾಗಿದೆ ಅಂತೆ. ನಾಗೇಶ ಫೋನ್ ಮಾಡಿದ್ದ. ನಂಗೆ ಈಗ ಕಿವಿ ಮಂದ, ಬಿಪಿ ನೋಡೋಕೆ ನೀನು ಬೇಕು."

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಸೇರಿ ಇಬ್ಬರೂ ಹೋದೆವು. ರಸ್ತೆ ಬದಿಯ ಮನೆ, ಮುಂದೆ ಪಿಕಪ್ ನಿಂತಿತ್ತು. ಗಿರಿಜಮ್ಮ ಪ್ರಜ್ಞೆಯಿಲ್ಲದೆ ಮಲಗಿದ್ದರು. ಶಿವಮೊಗ್ಗದಲ್ಲಿ ಎರಡು ವಾರ ಇಟ್ಟುಕೊಂಡು ಕಳಿಸಿದ್ದರು. ಮಣಿಪಾಲಕ್ಕೆ ಒಯ್ಯಬೇಕು ಎಂದು ನೆಂಟರಲ್ಲಿ ಕೆಲವರು, ಬೇಡ ಎಂದು ಕೆಲವರು. ನಾಗೇಶನ ತಲೆಕೂದಲು ಬೆಳ್ಳಗಾಗಿತ್ತು. "ಎಲ್ಲರೂ ನೋಡೋಣ, ಪ್ರಯತ್ನ ಮಾಡೋಣ ಅಂತಾರೆ ಸಿಸ್ಟರ್. ಇದ್ದದ್ದು ಇದ್ದ ಹಾಗೆ ಯಾರೂ ಹೇಳ್ತಿಲ್ಲ. ನೀವು ನೋಡಿ ಹೇಳಿ" ಎಂದ.

"ನಾನು ಡಾಕ್ಟ್ರಲ್ಲ ನಾಗೇಶ."

"ಗೊತ್ತು. ಅದಕ್ಕೇ ಅಲ್ಲ ಕರೆದದ್ದು."

ಶಿವಮೊಗ್ಗದವರು ಕೊಟ್ಟ ಕಾಗದಗಳನ್ನೆಲ್ಲ ಅವರು ಒಂದೊಂದೇ ಓದಿದರು. ನಾನು ಬಿಪಿ ನೋಡಿ ಹೇಳಿದೆ. ಗಿರಿಜಮ್ಮನ ಪಾದ ಮುಟ್ಟಿ ನೋಡಿದರು, ಉಸಿರಾಟವನ್ನು ಬಹಳ ಹೊತ್ತು ಗಮನಿಸಿದರು. ಆಮೇಲೆ ನಾಗೇಶನನ್ನು ಕೂರಿಸಿ, ತಾವೂ ಕೂತು ಹೇಳಿದರು. "ಮೂತ್ರಪಿಂಡ ಕೆಲಸ ನಿಲ್ಲಿಸಿದೆ. ಮಿದುಳಲ್ಲಿ ರಕ್ತಸ್ರಾವ ಆಗಿದೆ. ಡಾಕ್ಟ್ರು ಇದರಲ್ಲಿ ಬರೆದದ್ದೂ ಅದೇ, ನಿಮಗೆ ಬಿಡಿಸಿ ಹೇಳಿಲ್ಲ ಅಷ್ಟೇ. ಮಣಿಪಾಲಕ್ಕೆ ಹೋದ್ರೆ ದಾರೀಲೇ ಹೋಗಬಹುದು. ಇಲ್ಲೇ ಇದ್ರೆ ಎರಡು ದಿನ, ಮೂರು ದಿನ. ಬಾಯಿಗೆ ಹತ್ತಿಯಲ್ಲಿ ನೀರು ಹಚ್ತಾ ಇರಿ. ಮಗ್ಗುಲು ಬದಲಾಯಿಸಿ. ಮಾತಾಡಿಸ್ತಾ ಇರಿ, ಕೇಳಿಸಲೂಬಹುದು."

ನಾಗೇಶ ಕಣ್ಣು ಒರೆಸಿಕೊಂಡ. ಅವನ ಮುಖದಲ್ಲಿ ದುಃಖದ ಜೊತೆ ಏನೋ ಭಾರ ಇಳಿದದ್ದೂ ಕಾಣುತ್ತಿತ್ತು. ಅಷ್ಟರಲ್ಲಿ ಅವನ ಸೋದರಮಾವ ಒಳಗೆ ಬಂದರು, ಮಣಿಪಾಲಕ್ಕೆ ಹೋಗಲೇಬೇಕು ಎನ್ನುತ್ತಿದ್ದವರು. "ಇವರು ಯಾರು? ಡಾಕ್ಟ್ರಾ?"

"ಅಲ್ಲ ಮಾವ. ಅಮ್ಮನಿಗೆ ಒಂದ್ಸಲ ತಪ್ಪು ಇಂಜೆಕ್ಷನ್ ಕೊಟ್ಟಿದ್ರಲ್ಲ, ಆ ಸಿಸ್ಟರು. ಇವರು ಹೇಳಿದ ಮೇಲೆ ಮುಗೀತು. ಅಮ್ಮ ಇಲ್ಲೇ ಇರ್ಲಿ."

ಮಾವನಿಗೆ ತಲೆಬುಡ ಅರ್ಥವಾಗಲಿಲ್ಲ. ತಪ್ಪು ಇಂಜೆಕ್ಷನ್ ಕೊಟ್ಟವರ ಮಾತಿಗೆ ಇಷ್ಟು ಬೆಲೆಯೇ ಎಂದು ಇಬ್ಬರ ಮುಖವನ್ನೂ ನೋಡಿದರು. ದೊಡ್ಡ ಸಿಸ್ಟರ್ "ಹೌದು" ಎಂದು ತಲೆಯಾಡಿಸಿದರು, ಊರಿನ ಹೆಸರು ಕೇಳಿದವರಿಗೆ ಹೇಳುವ ಹಾಗೆ. ನನ್ನ ಕಡೆ ತಿರುಗಲಿಲ್ಲ. ಅಷ್ಟೂ ವರ್ಷ ಅವರು ಆ ವಿಷಯವಾಗಿ ನನ್ನ ಕಡೆ ಒಮ್ಮೆಯೂ ತಿರುಗಿರಲಿಲ್ಲ.

ನನ್ನ ಕೈಯಲ್ಲಿ ಬಿಪಿ ಮಿಷನ್ನಿನ ಪಟ್ಟಿ ಇತ್ತು. ಅದನ್ನು ಸುತ್ತಿ ಕೆಳಗಿಟ್ಟೆ.

"ಆ ಇಂಜೆಕ್ಷನ್ ಕೊಟ್ಟದ್ದು ಅವರಲ್ಲ ನಾಗೇಶಣ್ಣ, ನಾನು" ಎಂದೆ. "ಆವತ್ತು ಹೇಳೋಕೆ ಹೆದರಿದೆ. ಅಮ್ಮನ ಹತ್ರಾನೂ ಹೇಳಲಿಲ್ಲ."

ನಾಗೇಶ ನನ್ನನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಅವನು ಎದ್ದು, ತಾಯಿಯ ಮಂಚದ ಪಕ್ಕದಲ್ಲಿದ್ದ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ.

"ಹಾಗಾದ್ರೆ ಈಗ ಹೇಳಿ" ಎಂದ. "ಕೇಳಿಸಬಹುದು ಅಂತ ಸಿಸ್ಟರ್ ಅಂದ್ರಲ್ಲ."

ನಾನು ಕೂತು ಗಿರಿಜಮ್ಮನ ಕೈ ಹಿಡಿದುಕೊಂಡೆ. ನನ್ನ ಹೆಸರು ಹೇಳಿದೆ, ಊರು ಹೇಳಿದೆ, ಎಲ್ಲ ಹೇಳಿದೆ. ಅವರಿಗೆ ಕೇಳಿಸಿತೋ ಇಲ್ಲವೋ ನನಗೆ ತಿಳಿಯದು. ಬಾಗಿಲ ಹತ್ತಿರ ನಿಂತಿದ್ದ ದೊಡ್ಡ ಸಿಸ್ಟರಿಗೆ, ಕಿವಿ ಮಂದವಾದರೂ, ಒಂದು ಅಕ್ಷರ ತಪ್ಪದೆ ಕೇಳಿಸಿತ್ತು. ನಾನು ಎದ್ದು ಬಂದಾಗ ಅವರು ನಾಗೇಶನ ಹೆಂಡತಿ ತಂದ ಕಾಫಿಯ ತಟ್ಟೆಯಿಂದ ಮೊದಲ ಲೋಟ ತೆಗೆದು ನನ್ನ ಕೈಗೆ ಕೊಟ್ಟರು, ತಾವು ಎರಡನೆಯದನ್ನು ತೆಗೆದುಕೊಂಡರು.